ಪ್ರವಾಸಕ್ಕೆ ಹೊರಡುವ ಮುನ್ನ ಹವಾಮಾನ ಮುನ್ಸೂಚನೆ

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರು ಮಾಡಿದ ಭಾಷಣ)



ಬಿತ್ತನೆ ಮಾಡಲು, ಮೇಲುಗೊಬ್ಬರ ಕೊಡಲು, ಔಷಧಿ ಸಿಂಪಡಿಸಲು ಹವಾಮಾನ ಮುನ್ಸೂಚನೆಯನ್ನು ಹೇಗೆ ಬಳಸಬೇಕೆಂದು ನಾವು ಆಗಾಗ ಚರ್ಚಿಸಿದ್ದೇವೆ. ಆದರೆ ರೈತರು ಹೊಲ ಬಿಟ್ಟು ಹೊರಗೆ ಹೋಗುವ ದಿನಗಳೂ ಇವೆ. ಸಂಸಾರ ಸಮೇತ ಮೇಲುಕೋಟೆಗೋ ಆದಿಚುಂಚನಗಿರಿಗೋ ಹೋಗುತ್ತೇವೆ. ಶಾಲೆಯ ಮಕ್ಕಳನ್ನು ರಂಗನತಿಟ್ಟಿಗೆ ಕರೆದೊಯ್ಯುತ್ತೇವೆ. ಯುವಕ ಸಂಘದವರು ಕುಂತಿಬೆಟ್ಟ ಹತ್ತುತ್ತಾರೆ. ಬೇರೆ ತಾಲ್ಲೂಕಿನ ಬೆಳೆ ನೋಡಲು ಅಧ್ಯಯನ ಪ್ರವಾಸ ಏರ್ಪಡಿಸುತ್ತೇವೆ. ದಾರಿಯಲ್ಲಿ ಮಳೆ ಬಂದು ಬಟ್ಟೆ ನೆನೆದರೆ ಒಣಗಿಸಿಕೊಳ್ಳಬಹುದು. ಸಿಡಿಲಿಗೆ ಅಥವಾ ಹೊಳೆಯ ನೀರಿಗೆ ಸಿಕ್ಕಿದರೆ ಹೋದ ಜೀವ ಮರಳಿ ಬಾರದು. ಆದ್ದರಿಂದ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

"ಮಳೆ ಬರುತ್ತದೆಂದು ಹೇಳಿದರು, ನಮ್ಮೂರಿನಲ್ಲಿ ಒಂದು ಹನಿಯೂ ಬೀಳಲಿಲ್ಲ" ಎಂಬ ದೂರನ್ನು ಎಲ್ಲೆಡೆ ಕೇಳುತ್ತೇವೆ. ಮುನ್ಸೂಚನೆ ತಪ್ಪುವುದುಂಟು. ಆದರೆ ತಪ್ಪಾಯಿತೆಂದು ಹೇಳುವ ಮೊದಲು ಅದು ಏನು ಹೇಳಿತ್ತು ಎಂಬುದನ್ನು ಸರಿಯಾಗಿ ಓದಬೇಕು. ಭಾರತ ಹವಾಮಾನ ಇಲಾಖೆಯು ಬಳಸುವ ಒಂದೊಂದು ಪದಕ್ಕೂ ಗೊತ್ತಾದ ಅರ್ಥವಿದೆ. 'ಒಂದೆರಡು ಕಡೆ' ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆ. 'ಕೆಲವು ಕಡೆ' ಎಂದರೆ ಅರ್ಧದವರೆಗೆ, 'ಹಲವು ಕಡೆ' ಎಂದರೆ ಮುಕ್ಕಾಲು ಭಾಗದವರೆಗೆ, 'ಬಹುತೇಕ ಕಡೆ' ಎಂದರೆ ಅದಕ್ಕೂ ಹೆಚ್ಚು. ಜಿಲ್ಲೆಯ ಒಂದೆರಡು ಕಡೆ ಮಳೆ ಎಂದಿದ್ದು, ಕೃಷ್ಣರಾಜಪೇಟೆಯಲ್ಲಿ ಮಳೆ ಸುರಿದು ನಾಗಮಂಗಲ ಒಣಗಿದ್ದರೆ ಮುನ್ಸೂಚನೆ ಸರಿಯಾಗಿಯೇ ಇದೆ. ಮಳೆ ಬೀಳುವ ಆ ಒಂದು ಕಡೆಯಲ್ಲೇ ಅಂದು ನಮ್ಮ ಬಸ್ಸು ನಿಂತಿರಬಹುದು ಎಂಬುದನ್ನು ಮಾತ್ರ ಮರೆಯಬಾರದು.

ಪ್ರಮಾಣವೂ ಹಾಗೆಯೇ. ಬೆಳಿಗ್ಗೆ 8-30ರಿಂದ ಮರುದಿನ ಬೆಳಿಗ್ಗೆ 8-30ರವರೆಗೆ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ ಬಿದ್ದರೆ ಅದು 'ಭಾರಿ ಮಳೆ'. ನಮ್ಮ ಜಿಲ್ಲೆಯಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 700 ಮಿ.ಮೀ. ಅಂದರೆ ಭಾರಿ ಮಳೆಯ ಒಂದು ದಿನವು ವರ್ಷದ ಮಳೆಯ ಹತ್ತನೆಯ ಒಂದು ಭಾಗದಷ್ಟನ್ನು ಒಮ್ಮೆಗೇ ಸುರಿಸಿಬಿಡಬಹುದು. ಅಂತಹ ದಿನ ಹಳ್ಳಕೊಳ್ಳಗಳನ್ನು ದಾಟುವ ಪ್ರವಾಸ ಬೇಡ. ಹಳದಿ ಬಣ್ಣದ ಸೂಚನೆಯಿದ್ದರೆ ಗಮನವಿಟ್ಟಿರಬೇಕು, ಕಿತ್ತಳೆಯಿದ್ದರೆ ಕಾರ್ಯಕ್ರಮ ಬದಲಿಸಲು ಸಿದ್ಧರಿರಬೇಕು, ಕೆಂಪಿದ್ದರೆ ಪ್ರವಾಸವನ್ನು ಮುಂದಕ್ಕೆ ಹಾಕಬೇಕು.

ಇನ್ನು ಕಾಲದ ವಿಚಾರ. ತಿಂಗಳ ಮುಂಚೆ ದಿನ ಗೊತ್ತುಮಾಡುವಾಗ ಯಾವ ಮುನ್ಸೂಚನೆಯೂ ನೆರವಿಗೆ ಬಾರದು. ಆಗ ನಮ್ಮ ಮಳೆ ನಕ್ಷತ್ರಗಳ ಅನುಭವವೇ ಆಧಾರ. ಅಶ್ವಿನಿ, ಭರಣಿ, ಕೃತ್ತಿಕೆಗಳಲ್ಲಿ, ಎಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯ ವಾರದವರೆಗೆ, ಬೆಳಿಗ್ಗೆ ಸುಡುಬಿಸಿಲಿದ್ದು ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಬರುವುದು ಹೆಚ್ಚು. ಹಸ್ತ, ಚಿತ್ತೆಯ ದಿನಗಳು ನಮ್ಮ ಜಿಲ್ಲೆಯ ದೊಡ್ಡ ಮಳೆಯ ಕಾಲ. ನಕ್ಷತ್ರವು ಕಾಲದ ಸ್ವಭಾವವನ್ನು ತಿಳಿಸುತ್ತದೆಯೇ ಹೊರತು ಇಂಥ ದಿನ ಮಳೆಯೆಂದು ತಿಳಿಸುವುದಿಲ್ಲ. ಅದಕ್ಕೆ ಹೊರಡುವ ಐದು ದಿನ ಮೊದಲಿನಿಂದ ಜಿಲ್ಲಾ ಮುನ್ಸೂಚನೆಯನ್ನು ದಿನವೂ ನೋಡಬೇಕು. ಹೊರಟ ದಿನ ಇಲಾಖೆಯು ಮುಂದಿನ ಮೂರು ಗಂಟೆಗಳಿಗೆ ನೀಡುವ ಎಚ್ಚರಿಕೆಯನ್ನು ಗಮನಿಸುತ್ತಿರಬೇಕು. ಹೋಗುವ ಊರಿನದಷ್ಟೇ ಅಲ್ಲ, ದಾರಿಯ ಹವಾಮಾನವನ್ನೂ ನೋಡಬೇಕು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿ ವಾಹನಗಳು ಬೇರೆ ದಾರಿ ಹಿಡಿಯಬೇಕಾಯಿತು.

ಎಲ್ಲಕ್ಕಿಂತ ಮುಖ್ಯವಾದುದು ಹೊಳೆ. ಪುನರ್ವಸು, ಪುಷ್ಯ, ಆಶ್ಲೇಷಗಳಲ್ಲಿ ಶ್ರೀರಂಗಪಟ್ಟಣದಲ್ಲಿ ತುಂತುರು ಬಿಟ್ಟರೆ ಮಳೆ ಕಾಣದ ದಿನಗಳೂ ಇರುತ್ತವೆ. ಮುನ್ಸೂಚನೆಯಲ್ಲಿ ಮಂಡ್ಯ ಜಿಲ್ಲೆಗೆ ಎಚ್ಚರಿಕೆಯೇ ಇರುವುದಿಲ್ಲ. ಆದರೆ ಅದೇ ವೇಳೆಗೆ ಭಾಗಮಂಡಲ, ತಲಕಾವೇರಿಗಳ ಕಡೆ ಎಡೆಬಿಡದೆ ಸುರಿಯುತ್ತಿರಬಹುದು. ಆ ನೀರು ಕೃಷ್ಣರಾಜಸಾಗರಕ್ಕೆ ಬಂದು ಸೇರುತ್ತದೆ. ಅಣೆಕಟ್ಟೆಯು 124.80 ಅಡಿಯ ಹತ್ತಿರ ತುಂಬಿದ್ದರೆ ಬಂದ ನೀರನ್ನು ಹೊಳೆಗೆ ಬಿಡಲೇಬೇಕು. ಆಗ ಬಲಮುರಿ, ಎಡಮುರಿ, ನಿಮಿಷಾಂಬ, ಸಂಗಮಗಳಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. 2019ರ ಆಗಸ್ಟ್‌ನಲ್ಲಿ ಒಂದು ಲಕ್ಷ ಕ್ಯೂಸೆಕ್ಸ್‌ಗೂ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ವಿಹಾರವನ್ನು ನಿಲ್ಲಿಸಲಾಯಿತು. ಅದು ನಮ್ಮ ಹೊಲಗಳ ಮೇಲೆ ಬಿದ್ದ ಮಳೆಯ ನೀರಲ್ಲ. ಹೇಮಗಿರಿಗೆ ಹೋಗುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಗೊರೂರಿನ ಹೇಮಾವತಿ ಜಲಾಶಯದ ಹೊರಹರಿವನ್ನು ವಿಚಾರಿಸಬೇಕು. ಹೊಳೆಯ ದಡಕ್ಕೆ ಹೋಗುವವರು ನಮ್ಮ ತಲೆಯ ಮೇಲಿನ ಮೋಡವನ್ನಲ್ಲ, ಕೊಡಗು ಮತ್ತು ಹಾಸನ ಜಿಲ್ಲೆಗಳ ಮಳೆಯನ್ನೂ ಜಲಾಶಯದ ಒಳಹರಿವು, ಹೊರಹರಿವನ್ನೂ ನೋಡಿ ಹೊರಡಬೇಕು. ಮಕ್ಕಳನ್ನು ನೀರಿಗಿಳಿಸಿ ಆಮೇಲೆ ವಿಚಾರಿಸಿ ಫಲವಿಲ್ಲ.

ಸಿಡಿಲಿನ ವಿಷಯದಲ್ಲಿ ಲೆಕ್ಕ ಸುಲಭ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಎಣಿಕೆ ಮೂವತ್ತರೊಳಗೆ ಬಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಎಂದು ತಿಳಿದು ಆಸರೆ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬಾರದು. ಒಂಟಿ ಮರ, ಬಂಡೆಯ ನೆತ್ತಿ, ನಾಲ್ಕು ಕಡೆಯೂ ತೆರೆದ ಮಂಟಪ ಇವು ಆಸರೆಯಲ್ಲ. ಗೋಡೆ ಚಾವಣಿಗಳಿರುವ ಕಟ್ಟಡ ಅಥವಾ ಕಿಟಕಿ ಮುಚ್ಚಿದ ಬಸ್ಸು ಸುರಕ್ಷಿತ. ಬೇಸಿಗೆಯಲ್ಲಿ ಬೆಟ್ಟ ಹತ್ತುವವರು ಬೆಳಗಿನ ಜಾವವೇ ಹೊರಟು ಮಧ್ಯಾಹ್ನದೊಳಗೆ ಕೆಳಗಿಳಿಯುವುದು ಒಳ್ಳೆಯದು.

ಮನೆಯ ಕಡೆಯನ್ನೂ ಮರೆಯಬಾರದು. ನವೆಂಬರ್, ಡಿಸೆಂಬರ್‌ಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಎರಡು ಮೂರು ದಿನ ಜಿಟಿಜಿಟಿ ಮಳೆ ಹಿಡಿಯುವುದುಂಟು. ಕೊಯ್ದ ರಾಗಿ ಹೊಲದಲ್ಲಿ ಹರಡಿರುವಾಗ ಯಾತ್ರೆಗೆ ಹೊರಡುವವರು ಮೊದಲು ಮೆದೆ ಒಟ್ಟಿ, ಮೇಲೆ ಹೊದಿಸಿ ಹೊರಡಬೇಕು.

ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನ ಕೋರಿಕೆ ಇಷ್ಟು. ಪ್ರವಾಸದ ದಿನದ ಜೊತೆಗೆ ಬದಲಿ ದಿನವೊಂದನ್ನೂ ಮೊದಲೇ ಗೊತ್ತುಮಾಡಿ. ತಂಡದಲ್ಲಿ ಒಬ್ಬರು ಹವಾಮಾನ ನೋಡುವ ಹೊಣೆ ಹೊರಲಿ. ಮೇಘದೂತ್, ದಾಮಿನಿ ಆ್ಯಪ್‌ಗಳನ್ನು ಫೋನಿನಲ್ಲಿ ಹಾಕಿಕೊಳ್ಳಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಯನ್ನು ವಿಚಾರಿಸಲಿ. "ಇಂದು ಬೇಡ, ಹಿಂತಿರುಗೋಣ" ಎಂದು ಅವರು ಹೇಳಿದರೆ ಉಳಿದವರು ಒಪ್ಪಬೇಕು. ಬಸ್ಸಿಗೆ ಕೊಟ್ಟ ಮುಂಗಡ ಹೋಯಿತೆಂದು ಹೊರಡುವುದು ಬೇಡ. ಮುಂಗಡವನ್ನು ಮುಂದಿನ ಬೆಳೆಯಲ್ಲಿ ದುಡಿಯಬಹುದು.

ನಿಮ್ಮ ಊರುಗಳಲ್ಲಿ ಈ ವಿಷಯವನ್ನು ಇತರರಿಗೂ ತಿಳಿಸಬೇಕೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.