ಹೆಸರಿಲ್ಲದ ಕ್ಲಾಸು, ಅದರ ಸಿದ್ಧತೆ

ಹಲಕುಂದಿ, ಕುರುಗೋಡು, ಸಿರುಗುಪ್ಪದ ಕಡೆಯಿಂದ ಬಳ್ಳಾರಿಯ ಕಾಲೇಜುಗಳಿಗೆ ಬಂದು ಜಾವಾ ಕಲಿಯುವ ವಿದ್ಯಾರ್ಥಿಗಳು ತಡವರಿಸುವ ಎರಡು ವಿಷಯಗಳಿವೆ: ಅನಾಮಧೇಯ ಕ್ಲಾಸು ಮತ್ತು ಇನಿಶಿಯಲೈಸರ್ ಬ್ಲಾಕು. ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದರೆ ಎರಡೂ ಮರೆತುಹೋಗುತ್ತವೆ. ಒಂದಕ್ಕೆ ಇನ್ನೊಂದು ಏಕೆ ಬೇಕೆಂದು ತಿಳಿದರೆ ಮನಸ್ಸಿನಲ್ಲಿ ನಿಲ್ಲುತ್ತವೆ.

ಬಳ್ಳಾರಿ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಒಂದೇ ಪ್ಯಾಟರ್ನ್ ಇಟ್ಟುಕೊಂಡು ನೂರಾರು ಪ್ಯಾಂಟು ಹೊಲಿಯಬಹುದು. ಕ್ಲಾಸು ಆ ಪ್ಯಾಟರ್ನ್, ಆಬ್ಜೆಕ್ಟು ಪ್ಯಾಂಟು. ಗಿರಾಕಿಯೊಬ್ಬರು ಒಂದೇ ಪ್ಯಾಂಟಿಗೆ ಜೇಬು ಬೇರೆ ಥರ ಕೇಳಿದರೆ, ಹೊಸ ಪ್ಯಾಟರ್ನ್ ಕತ್ತರಿಸಿ ಹೆಸರಿಟ್ಟು ಎತ್ತಿಡಬೇಕಿಲ್ಲ. ಇರುವುದರಲ್ಲೇ ಬದಲಿಸಿ ಹೊಲಿದರಾಯಿತು.

ಅನಾಮಧೇಯ ಕ್ಲಾಸೂ ಹಾಗೆಯೇ. ‘ನ್ಯೂ’ ಎಂದು ಬರೆದು, ಇರುವ ಕ್ಲಾಸಿನ ಅಥವಾ ಇಂಟರ್‌ಫೇಸಿನ ಹೆಸರು ಹೇಳಿ, ಅಲ್ಲಿಯೇ ಪುಷ್ಪಾವರಣ (ಕರ್ಲಿ ಬ್ರೇಸ್) ತೆರೆದು ಬೇಕಾದ ಬದಲಾವಣೆ ಬರೆಯುತ್ತೇವೆ. 1997ರಲ್ಲಿ ಬಂದ ಜಾವಾ 1.1 ಈ ಸೌಲಭ್ಯ ಕೊಟ್ಟಿತು. ನಾವು ಹೆಸರಿಡದಿದ್ದರೂ ಕಂಪೈಲರ್ ಬಿಡುವುದಿಲ್ಲ: ಹೊರಗಿನ ಕ್ಲಾಸಿನ ಹೆಸರಿಗೆ ಡಾಲರ್ ಚಿಹ್ನೆ, 1ರಿಂದ ಶುರುವಾಗುವ ಅಂಕಿ ಸೇರಿಸಿ ಫೈಲು ಮಾಡುತ್ತದೆ.

ಈಗ ತೊಡಕು ಬರುತ್ತದೆ. ಆಬ್ಜೆಕ್ಟು ಹುಟ್ಟುವಾಗ ಅದನ್ನು ಸಿದ್ಧಪಡಿಸುವ ಕನ್‌ಸ್ಟ್ರಕ್ಟರಿಗೆ ಕ್ಲಾಸಿನ ಹೆಸರೇ ಹೆಸರು. ಕ್ಲಾಸಿಗೇ ಹೆಸರಿಲ್ಲದಿದ್ದರೆ ಕನ್‌ಸ್ಟ್ರಕ್ಟರನ್ನು ಬರೆಯುವುದು ಹೇಗೆ? ಹುಟ್ಟುವಾಗಲೇ ಮಾಡಬೇಕಾದ ಸಿದ್ಧತೆಯನ್ನು ಎಲ್ಲಿಡುವುದು? ಅದಕ್ಕೇ ಇನಿಶಿಯಲೈಸರ್ ಬ್ಲಾಕು. ಕ್ಲಾಸಿನೊಳಗೆ ಹೆಸರಿಲ್ಲದ ಪುಷ್ಪಾವರಣವೊಂದನ್ನು ಇಟ್ಟರೆ, ಪ್ರತಿ ಆಬ್ಜೆಕ್ಟು ಹುಟ್ಟುವಾಗಲೂ ಅದು ನಡೆಯುತ್ತದೆ. ಹೆಸರಿರುವ ಕ್ಲಾಸಿನಲ್ಲೂ ಬರೆಯಬಹುದು, ಆದರೆ ಅನಾಮಧೇಯ ಕ್ಲಾಸಿಗೆ ಇದೇ ಆಸರೆ.

ನಡೆಯುವ ಕ್ರಮವನ್ನು ಗಮನಿಸಿ. ಮೊದಲು ಮೇಲಿನ, ಅಂದರೆ ಬದಲಾವಣೆಗೆ ಆಧಾರವಾದ, ಕ್ಲಾಸಿನ ಕನ್‌ಸ್ಟ್ರಕ್ಟರ್. ಆಮೇಲೆ ಫೀಲ್ಡುಗಳಿಗೆ ಕೊಟ್ಟ ಬೆಲೆಗಳು ಮತ್ತು ಬ್ಲಾಕುಗಳು, ಬರೆದ ಕ್ರಮದಲ್ಲೇ. ಕ್ಲಾಸಿಗೆ ತನ್ನ ಕನ್‌ಸ್ಟ್ರಕ್ಟರ್ ಇದ್ದರೆ ಅದರ ಉಳಿದ ಸಾಲುಗಳು ಕೊನೆಗೆ. ಮುಂದೆ ‘ಸ್ಟ್ಯಾಟಿಕ್’ ಎಂದು ಬರೆದ ಬ್ಲಾಕು ಮಾತ್ರ ಇಡೀ ಕ್ಲಾಸಿಗೆ ಒಮ್ಮೆ ನಡೆದು ಮುಗಿಯುತ್ತದೆ.

ಒಂದು ಎಚ್ಚರಿಕೆ. ಪಟ್ಟಿ ತುಂಬಲು ಕೆಲವರು ಪುಷ್ಪಾವರಣದೊಳಗೆ ಪುಷ್ಪಾವರಣ ತೆರೆಯುತ್ತಾರೆ. ಚಿಕ್ಕದಾಗಿ ಕಂಡರೂ ಅಲ್ಲಿ ಹೊಸ ಕ್ಲಾಸೇ ಹುಟ್ಟುತ್ತದೆ. ಹೊರಗಿನ ಆಬ್ಜೆಕ್ಟನ್ನೂ ಅದು ಹಿಡಿದುಕೊಂಡು ಮೆಮೊರಿ ಬಿಡದೆ ಕೂರಬಹುದು. ನಾವು ಬರೆಯಬೇಕಾದ ಮೆಥಡ್ ಒಂದೇ ಇರುವ ಇಂಟರ್‌ಫೇಸಾದರೆ 2014ರ ಜಾವಾ 8ರಲ್ಲಿ ಬಂದ ಲ್ಯಾಂಬ್ಡಾ ಎಂಬ ಚಿಕ್ಕ ರೂಪ ಸಾಕು. ಎರಡು ಮೆಥಡ್ ಬೇಕಾದಾಗ, ಅಥವಾ ಕ್ಲಾಸೊಂದನ್ನೇ ತಿದ್ದಬೇಕಾದಾಗ, ಅನಾಮಧೇಯ ಕ್ಲಾಸೇ ಸರಿ.

ವಿದ್ಯಾರ್ಥಿಗಳೇ, ನಡೆಯುವ ಕ್ರಮದಲ್ಲಿ ಹೇಳಿದ ಒಂದೊಂದು ಜಾಗದಲ್ಲೂ ಒಂದೊಂದು ಪ್ರಿಂಟ್ ಸಾಲು ಹಾಕಿ. ಯಾವುದು ಮೊದಲು ಬರುತ್ತದೆಂದು ಕಾಗದದ ಮೇಲೆ ಬರೆದಿಟ್ಟುಕೊಂಡೇ ಪ್ರೋಗ್ರಾಮ್ ಓಡಿಸಿ. ಎರಡೂ ತಾಳೆಯಾಗುವವರೆಗೆ ಬಿಡಬೇಡಿ.