ಊರ ಗ್ರಂಥಾಲಯಕ್ಕೂ ದಾಸೋಹ ಬೇಕು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ನಾನು ಪ್ರವಚನಕಾರನಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರದ ಕಟ್ಟಡ, ರಸ್ತೆ ಮಾಡಿಸಿದ ಇಂಜಿನಿಯರ್. ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಊರಿನ ಗ್ರಂಥಾಲಯಕ್ಕೆ ನಾವೂ ಕೊಡಬೇಕು ಎಂದರೆ, "ಅದು ಸರ್ಕಾರದ್ದಲ್ಲವೇ? ನಾವೇಕೆ ಕೊಡಬೇಕು?" ಎಂದು ಹಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಮ್ಮ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರುತ್ತದೆ. ಅದು ತೆರಿಗೆಯ ಶೇ 6. ಸಾವಿರ ರೂಪಾಯಿ ತೆರಿಗೆಗೆ ಅರವತ್ತು ರೂಪಾಯಿ. ದೊಡ್ಡ ನಗರದಲ್ಲಿ ಇದು ಕೂಡಿ ಕೋಟಿಗಳಾಗುತ್ತದೆ. ಹಳ್ಳಿಯಲ್ಲಿ? ಪಂಚಾಯಿತಿಯೊಂದು ವರ್ಷಕ್ಕೆ 5 ಲಕ್ಷ ತೆರಿಗೆ ವಸೂಲು ಮಾಡಿತು ಎಂದಿಟ್ಟುಕೊಳ್ಳಿ. ಕರ 30 ಸಾವಿರ ಮಾತ್ರ. ದಿನಪತ್ರಿಕೆಗೆ 6 ರೂಪಾಯಿ ಹಿಡಿದರೂ ನಾಲ್ಕು ಪತ್ರಿಕೆಗೆ ಹತ್ತಿರ ಹತ್ತಿರ 9 ಸಾವಿರ ಬೇಕು. ಕರೆಂಟು, ಇಂಟರ್‌ನೆಟ್, ಬೆಂಚಿನ ರಿಪೇರಿ ಕಳೆದರೆ ಹೊಸ ಪುಸ್ತಕಕ್ಕೆ ಎಷ್ಟು ಉಳಿದೀತು? ಜನ ಕಟ್ಟಿದ ಕರವೂ ಎಲ್ಲ ಕಡೆ ಸಕಾಲಕ್ಕೆ ಗ್ರಂಥಾಲಯಕ್ಕೆ ತಲುಪುವುದಿಲ್ಲ.

ಈ ಲೆಕ್ಕದಲ್ಲಿ ಬಡ ಊರಿಗೆ ಬಡ ಗ್ರಂಥಾಲಯವೇ ಗತಿ. ಆದರೆ ಗ್ರಂಥಾಲಯ ಹೆಚ್ಚು ಬೇಕಾದದ್ದು ಆ ಊರಿಗೇ. ಮನೆಯಲ್ಲಿ ಕೂತು ಓದಲು ಜಾಗವಿಲ್ಲದ ಹುಡುಗಿ, ಕೋಚಿಂಗ್‌ಗೆ ದುಡ್ಡಿಲ್ಲದೆ ಪರೀಕ್ಷೆಗೆ ಓದುವ ಹುಡುಗ, ಇವರಿಗೆ ಬೇರೆ ಬಾಗಿಲಿಲ್ಲ. ಕರದಿಂದ ಬಾಗಿಲು ತೆರೆಯುತ್ತದೆ. ಒಳಗೆ ಓದಲು ಏನಿರಬೇಕೆಂಬುದು ನಮ್ಮ ದಾಸೋಹಕ್ಕೆ ಬಿಟ್ಟದ್ದು.

ನಾನು ದಾನ ಎನ್ನುತ್ತಿಲ್ಲ, ದಾಸೋಹ ಎನ್ನುತ್ತಿದ್ದೇನೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ನಮ್ಮ ಮಠಗಳು ಅನ್ನ ದಾಸೋಹದಿಂದ ಎಷ್ಟೋ ತಲೆಮಾರಿನ ಬಡ ಮಕ್ಕಳನ್ನು ಓದಿಸಿದವು. ಪುಸ್ತಕ ಅದರ ಮುಂದಿನ ಪಂಕ್ತಿ.

ಇದಕ್ಕೆ ನಮ್ಮಲ್ಲೇ ಮೇಲ್ಪಂಕ್ತಿಯಿದೆ. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಳೆಗರಿ ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅವರು ಮನೆ ಮಾರಿ ಅಚ್ಚು ಹಾಕಿಸಿದ್ದನ್ನು ಇಂದು ನಮ್ಮ ಊರಿನ ಮಗು ಕೈಗೆತ್ತಿಕೊಳ್ಳಲು ಒಂದು ಕಪಾಟು ಬೇಡವೇ?

ಹಾಗೆಂದು ಸರ್ಕಾರದ ಹೊಣೆಯನ್ನು ನಾವು ಹೊರಬೇಕಿಲ್ಲ. ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಬೇರೆ ಬೇರೆ ದೇಶಗಳಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಹಣ ಕೊಟ್ಟರು. ಆದರೆ ಸಾಮಾನ್ಯವಾಗಿ ಒಂದು ಷರತ್ತಿತ್ತು: ನಿವೇಶನ ಊರಿನದು, ಮತ್ತು ಕೊಟ್ಟ ಹಣದ ಹತ್ತರಲ್ಲೊಂದು ಪಾಲನ್ನು ಊರಾಡಳಿತ ಪ್ರತಿ ವರ್ಷ ನಿರ್ವಹಣೆಗೆ ಕೊಡಬೇಕು. ಇಂಜಿನಿಯರನಾಗಿ ನನಗೆ ಮೆಚ್ಚುಗೆಯಾದ ಷರತ್ತಿದು. ಕಟ್ಟುವುದಕ್ಕೆ ಎಸ್ಟಿಮೇಟ್ ಇರುತ್ತದೆ, ನಿರ್ವಹಣೆಗೆ ಯಾರೂ ಇರುವುದಿಲ್ಲ. ಆದ್ದರಿಂದ ನಾವು ಕೊಡುವಾಗಲೇ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ: ಈ ವರ್ಷದ ಗ್ರಂಥಾಲಯ ಕರ ಎಷ್ಟು ಬಂತು, ಎಲ್ಲಿ ಖರ್ಚಾಯಿತು?

ಕೊಡುವ ಬಗೆಯನ್ನೂ ಹೇಳಿಬಿಡುತ್ತೇನೆ. ಮನೆಯ ಅಟ್ಟದ ಹಳೆಯ ಪಠ್ಯಪುಸ್ತಕ ಕೊಡಬೇಡಿ. ಅದು ದಾಸೋಹವಲ್ಲ, ಅಟ್ಟ ಖಾಲಿ ಮಾಡುವ ಕೆಲಸ. ಗ್ರಂಥಾಲಯದ ಮೇಲ್ವಿಚಾರಕರನ್ನು ಕೇಳಿ, ಓದುಗರು ಏನು ಕೇಳುತ್ತಿದ್ದಾರೋ ಅದನ್ನು ತನ್ನಿ. ಒಮ್ಮೆ ಕೊಟ್ಟು ಮರೆಯುವುದಕ್ಕಿಂತ ಪ್ರತಿ ತಿಂಗಳು ಸ್ವಲ್ಪ ಕೊಡುವುದು ಮೇಲು. ಐದು ಮನೆಯವರು ತಿಂಗಳಿಗೆ 200 ರೂಪಾಯಿ ಹಾಕಿದರೆ ವರ್ಷಕ್ಕೆ 12 ಸಾವಿರ. 150 ರೂಪಾಯಿಯ ಮಕ್ಕಳ ಪುಸ್ತಕ 80 ಬರುತ್ತವೆ. ನನ್ನಂತೆ ನಿವೃತ್ತರಾದವರು ಸಂಜೆ ಒಂದು ಗಂಟೆ ಹೋಗಿ ಮಕ್ಕಳಿಗೆ ಓದಿ ಹೇಳಬಹುದು. ಅದೂ ಕಾಯಕವೇ.

ಇನ್ನೊಂದು ಮಾತು, ಕೆಲವರಿಗೆ ಕಹಿಯಾಗಬಹುದು. ನಾವು ಕೊಟ್ಟೆವೆಂದು ಗ್ರಂಥಾಲಯವನ್ನು ನಮ್ಮ ಸಮಾಜದ ಕಪಾಟು ಮಾಡಬಾರದು. ವಚನ ಸಂಪುಟ ಇರಲಿ. ಅಂಬೇಡ್ಕರರ ಬರಹ, ವಿಜ್ಞಾನ, ಕಥೆ, ಕಾನೂನು, ಎಲ್ಲವೂ ಇರಲಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಸತ್ಯಕ್ಕ ಒಂದೇ ಅನುಭಾವದ ಬಳಗದವರು. ಯಾವ ಕೇರಿಯ ಮಗು ಬಂದರೂ ಅದೇ ಬೆಂಚು, ಅದೇ ಪುಸ್ತಕ. ಕಪಾಟಿನ ಮೇಲೆ ನಮ್ಮ ಹೆಸರಿನ ಫಲಕವೂ ಬೇಡ.

ಪಂಚಾಯಿತಿ ಗ್ರಂಥಾಲಯಗಳನ್ನು ಈಗ 'ಅರಿವು ಕೇಂದ್ರ' ಎಂದು ಕರೆಯುತ್ತಾರೆ. ಅರಿವು ಎಂಬುದು ಶರಣರು ಪ್ರಾಣದಂತೆ ಕಾಪಾಡಿದ ಮಾತು. ಅದು ಬೋರ್ಡಿನ ಮೇಲಷ್ಟೇ ಉಳಿಯಬಾರದು. ಈ ವಾರ ತಾವು ಒಮ್ಮೆ ತಮ್ಮೂರಿನ ಗ್ರಂಥಾಲಯದ ಒಳಗೆ ಹೋಗಿ ಕುಳಿತು ಬನ್ನಿ ಎಂಬುದಷ್ಟೇ ನನ್ನ ಬಿನ್ನಹ. ಏನು ಬೇಕಾಗಿದೆ ಎಂಬುದು ತಮಗೇ ಕಾಣುತ್ತದೆ.