ಚೌಕಟ್ಟಿನೊಳಗಿನ ಕಥೆ



ವಿಡಿಯೋ ಕ್ಯಾಮೆರಾ ಒಂದು ಕಾಲಕ್ಕೆ ಮದುವೆ ಮನೆಯ ವೈಭವವಾಗಿತ್ತು. ಇಂದು ಅದು ಮೊಬೈಲ್ ಫೋನಿನ ರೂಪದಲ್ಲಿ ಅನೇಕರ ಕೈಯಲ್ಲಿದೆ. ಗುಂಡಿ ಒತ್ತಿದರೆ ಚಿತ್ರ ಮೂಡುತ್ತದೆ; ಕಥೆ ಮಾತ್ರ ತಾನಾಗಿ ಮೂಡುವುದಿಲ್ಲ. ಯಾವುದನ್ನು ಚೌಕಟ್ಟಿನೊಳಗೆ ತರಬೇಕು, ಯಾವುದನ್ನು ಹೊರಗಿಡಬೇಕು, ಒಳಗೆ ಬಂದುದನ್ನು ಎಲ್ಲಿ ನಿಲ್ಲಿಸಬೇಕು ಎಂಬ ನಿರ್ಧಾರವೇ ದೃಶ್ಯ ಸಂಯೋಜನೆ.

ಬೆಳಗಾವಿಯ ರವಿವಾರ ಪೇಟೆಯನ್ನೇ ನಿಮ್ಮ ಪಾಠಶಾಲೆ ಎಂದುಕೊಳ್ಳಿ. ಕಾಳುಕಡಿ, ಕಿರಾಣಿ ಸಾಮಾನುಗಳ ಸಗಟು ವ್ಯಾಪಾರದ ಪೇಟೆ ಅದು. ಬೆನ್ನ ಮೇಲೆ ಚೀಲ ಹೊತ್ತ ಹಮಾಲರೊಬ್ಬರು ಬರುತ್ತಿದ್ದಾರೆ. ಅವರ ಕಥೆಯನ್ನು ಹೇಗೆ ಹೇಳುತ್ತೀರಿ?

ದೂರದಿಂದ ಚಿತ್ರಿಸಿದರೆ ಅವರು ಪೇಟೆಯ ಗದ್ದಲದಲ್ಲಿ ಒಂದು ಚುಕ್ಕೆ, ಕಥೆ ಪೇಟೆಯದಾಗುತ್ತದೆ. ಮಧ್ಯಮ ದೂರದಲ್ಲಿ ಚೀಲ ಮತ್ತು ಬಾಗಿದ ಬೆನ್ನು ಕಾಣುತ್ತವೆ, ಕಥೆ ದುಡಿಮೆಯದಾಗುತ್ತದೆ. ಹತ್ತಿರ ಹೋದರೆ ಹಣೆಯ ಬೆವರು, ಚೀಲದ ಅಂಚನ್ನು ಹಿಡಿದ ಬೆರಳು. ಈಗ ಕಥೆ ಆ ಒಬ್ಬ ಮನುಷ್ಯನದು.

ಕ್ಯಾಮೆರಾದ ಎತ್ತರವೂ ಮಾತನಾಡುತ್ತದೆ. ಮಹಡಿಯಿಂದ ಕೆಳಗೆ ನೋಡಿದರೆ ಆತ ಕುಗ್ಗುತ್ತಾರೆ. ನೆಲದಿಂದ ಮೇಲೆ ನೋಡಿದರೆ ಭೀಮನಂತೆ ಬೆಳೆಯುತ್ತಾರೆ. ಸರಿಸಮನಾಗಿ ಕಾಣಬೇಕಾದರೆ ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿರಬೇಕು. ಅವರು ಬಾಗಿದ್ದಾರೆ, ಆದ್ದರಿಂದ ನೀವೂ ಬಾಗಬೇಕು. ಅವರು ನಡೆಯುವ ದಿಕ್ಕಿನಲ್ಲಿ ಚೌಕಟ್ಟಿನಲ್ಲಿ ಜಾಗ ಬಿಡಿ. ಮುಖ ಅಂಚಿಗೆ ತಾಗಿದರೆ ಎದುರಿಗೆ ಗೋಡೆ ಬಂದಂತೆ ಭಾಸವಾಗುತ್ತದೆ.

ಬೆಳಕೂ ಸಂಯೋಜನೆಯ ಭಾಗ. ಇಲ್ಲಿ ವಿ. ಕೆ. ಮೂರ್ತಿಯವರನ್ನು ನೆನೆಯಬೇಕು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ನಿಮ್ಮಂತೆಯೇ ವಿದ್ಯಾರ್ಥಿಯಾಗಿ, ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತವರು. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ, ಬರಿದಾದ ಸ್ಟುಡಿಯೋದ ಕತ್ತಲೆಯಲ್ಲಿ ಮೇಲಿನಿಂದ ಬೆಳಕಿನ ಕೋಲೊಂದು ಇಳಿಯುತ್ತದೆ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಪಡೆದ ಬೆಳಕು ಅದು. ನಾಯಕ ನಾಯಕಿಯರು ದೂರದೂರ ನಿಂತಿದ್ದಾರೆ. ಸಿನೆಮಾಸ್ಕೋಪ್‌ನ ಅಗಲವಾದ ಪರದೆ ಆ ಅಂತರವನ್ನು ಇನ್ನೂ ಹಿಗ್ಗಿಸುತ್ತದೆ. ಅವರು ಸೇರಲಾರರೆಂದು ಯಾರೂ ಹೇಳಬೇಕಾಗಿಲ್ಲ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರು.

ನಿಮಗೆ ಸ್ಟುಡಿಯೋ ಬೇಕಿಲ್ಲ. ಗೋದಾಮಿನ ಬಾಗಿಲಿನಿಂದ ಓರೆಯಾಗಿ ಬೀಳುವ ಬಿಸಿಲಿನಲ್ಲಿ ಚೀಲದ ಧೂಳು ಎದ್ದಾಗ ಅಂಥದೇ ಬೆಳಕಿನ ಕೋಲು ಕಾಣುತ್ತದೆ. ಅದಕ್ಕಾಗಿ ಕಾಯುವ ತಾಳ್ಮೆ ಬೇಕು.

ಒಂದು ಎಚ್ಚರಿಕೆ. ಚೌಕಟ್ಟು ಸತ್ಯವನ್ನು ಹೇಳಬಲ್ಲುದು, ಮರೆಮಾಚಲೂಬಲ್ಲುದು. ಹತ್ತು ಜನರನ್ನು ಒತ್ತಾಗಿ ಹಿಡಿದು ಜನಸಾಗರವೆನ್ನಬಹುದು. ಬಾಗಿದ ಬೆನ್ನನ್ನಷ್ಟೇ ತೋರಿಸಿದರೆ ನೋಡುವವರಿಗೆ ಕನಿಕರ ಹುಟ್ಟೀತು. ಭಾರ ಇಳಿಸಿದ ಮೇಲೆ ಗೆಳೆಯರೊಡನೆ ಚಹಾ ಕುಡಿಯುತ್ತ ನಗುವುದನ್ನೂ ತೋರಿಸಿದರೆ ಅವರ ಬದುಕು ಕಾಣುತ್ತದೆ. ಚಿತ್ರಿಸುವ ಮೊದಲು ಅವರ ಒಪ್ಪಿಗೆ ಕೇಳಿ. ಬೇಡವೆಂದರೆ ಕ್ಯಾಮೆರಾ ಇಳಿಸಿ.

ಈ ವಾರ ಒಂದು ಅಭ್ಯಾಸ ಮಾಡಿ. ಐದು ಚಿತ್ರಿಕೆಗಳು, ಒಂದೊಂದೂ ಹತ್ತು ಸೆಕೆಂಡು. ಕ್ಯಾಮೆರಾ ಅಲುಗಬಾರದು; ವಿವರಣೆ, ಸಂಗೀತ ಯಾವುದೂ ಬೇಡ. ಧ್ವನಿ ನಿಲ್ಲಿಸಿ ಮನೆಯವರಿಗೆ ತೋರಿಸಿ, "ಏನು ತಿಳಿಯಿತು?" ಎಂದು ಕೇಳಿ. ಅವರು ನಿಮ್ಮ ಕಥೆಯನ್ನೇ ತಿರುಗಿ ಹೇಳಿದರೆ ನಿಮ್ಮ ಸಂಯೋಜನೆ ಗೆದ್ದಿತು. ಬೇರೆ ಹೇಳಿದರೆ ಮತ್ತೆ ಪೇಟೆಗೆ ಹೋಗಿ, ನಿಲ್ಲುವ ಜಾಗ ಬದಲಿಸಿ ನೋಡಿ.